ಕೆರೆಗಿಳಿಯಲು ಪರವಾನಗಿ ಪಡೆದ ನಾಯಿ

ನನಗೆ ನಾಯಿ ಕಂಡರೆ ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಅಡಿವೆವ್ವನ ಕಥೆ ಹೇಳು ಎಂದು ಬಂದವರೆಲ್ಲ ನಾಯಿಯ ಕಥೆ ಕೇಳಿಕೊಂಡು ಹೋಗುತ್ತಾರೆ, ಆಮೇಲೆ "ಹೂವಪ್ಪಗ ಆ ನಾಯಿ ಮ್ಯಾಲ ಭಾಳ ಜೀವ ಇತ್ತು" ಎಂದು ಊರ ತುಂಬ ಹೇಳಿಕೊಂಡು ತಿರುಗುತ್ತಾರೆ. ಜೀವವೂ ಇರಲಿಲ್ಲ, ಮಣ್ಣೂ ಇರಲಿಲ್ಲ. ತಿಂಗಳುಗಟ್ಟಲೆ ದಿನಾ ಮುಂಜಾನೆ ಅದರ ನಾಲ್ಕೂ ಕಾಲು ತೊಳೆದವನು ನಾನು. ತೊಳೆದವನಿಗೆ ಗೊತ್ತು ಅದರ ಸುಖ.

ನಾನು ಊರ ಕೆರೆ ಕಾಯುವವನು. ನಮ್ಮೂರು ಸವಡಿಗೂ ಅಸೂಟಿಗೂ ನಡುವಿನ ಎರೆಭೂಮಿಯಲ್ಲಿದೆ. ಎಲ್ಲಿ ಬಾವಿ ತೋಡಿದರೂ ಸವಳು ನೀರು. ಆ ನೀರಿನಲ್ಲಿ ಬೇಳೆ ಬೇಯುವುದಿಲ್ಲ, ಕುಡಿದವನ ನೀರಡಿಕೆಯೂ ಹೋಗುವುದಿಲ್ಲ. ಕುಡಿಯಲು ಇರುವುದು ಮಳೆಯ ನೀರು ನಿಲ್ಲುವ ಆ ಒಂದೇ ಕೆರೆ. ಹಾಗಾಗಿ ಅದರ ಕಟ್ಟುನಿಟ್ಟು ಬಹಳ. ದನ ಇಳಿಸುವಂತಿಲ್ಲ, ಅರಿವೆ ಒಗೆಯುವಂತಿಲ್ಲ, ಬಾಯಿ ಮುಕ್ಕಳಿಸುವಂತಿಲ್ಲ. ಕಾಲಿನ ಕೆರವನ್ನು ಏರಿಯ ಮೇಲೆ ಬಿಟ್ಟು, ಕಾಲು ತೊಳೆದುಕೊಂಡು, ಮೊಣಕಾಲುಮಟ್ಟ ನೀರಿಗೆ ಇಳಿದು, ಕೊಡ ತುಂಬಿಕೊಂಡು ಸುಮ್ಮನೆ ಹೋಗಬೇಕು. ಕೈಯಲ್ಲಿ ಪಾತ್ರೆ ಇಲ್ಲದವನಿಗೆ ಅಲ್ಲಿ ಕೆಲಸವಿಲ್ಲ. ಇದನ್ನು ನೋಡಿಕೊಳ್ಳಲು ಒಂದು ಕೋಲು ಕೊಟ್ಟು ನನ್ನನ್ನು ಕೂರಿಸಿದ್ದರು. ಸುಗ್ಗಿಯಲ್ಲಿ ಮನೆಗಿಷ್ಟು ಜೋಳ ಕೊಡುತ್ತಿದ್ದರು, ಬೈಗುಳವನ್ನು ವರ್ಷವಿಡೀ ಕೊಡುತ್ತಿದ್ದರು.

ಇದೆಲ್ಲ ಊರವರಿಗೆ. ಊರ ಹೊರಗಿನ ಕೇರಿಯವರಿಗೆ ಇದೂ ಇರಲಿಲ್ಲ. ಅವರು ಕಾಲು ತೊಳೆದರೂ ಅಷ್ಟೇ, ಬಿಟ್ಟರೂ ಅಷ್ಟೇ, ನೀರು ಮುಟ್ಟುವಂತಿರಲಿಲ್ಲ. ಕೇರಿಯ ಹೆಂಗಸರು ಕೊಡ ತಂದು ಏರಿಯ ಮೇಲೆ ಕೂಡಬೇಕು. ಕೆರೆಗೆ ಇಳಿದವರಲ್ಲಿ ಯಾರಾದರೂ ಮನಸ್ಸು ಮಾಡಿ ತಮ್ಮ ಕೊಡದಿಂದ ಅವರ ಕೊಡಕ್ಕೆ, ತಾಗದಂತೆ ಎತ್ತರದಿಂದ, ಸುರಿದರೆ ಆ ದಿನದ ನೀರಾಯಿತು. ಯಾರೂ ಮನಸ್ಸು ಮಾಡದಿದ್ದರೆ ಬಿಸಿಲು ನೆತ್ತಿಗೆ ಬರುತ್ತಿತ್ತು. ಅವರು ಹೊಲದ ಕೆಲಸಕ್ಕೆ ತಡವಾಗಿ ಹೋಗಿ ಅಲ್ಲಿಯೂ ಬೈಸಿಕೊಳ್ಳುತ್ತಿದ್ದರು.

ಅಡಿವೆವ್ವ ಆ ಸಾಲಿನಲ್ಲಿ ಎಲ್ಲರಿಗಿಂತ ಮೊದಲು ಬಂದು ಎಲ್ಲರಿಗಿಂತ ಕೊನೆಗೆ ಏಳುವವಳು. ಕಾರಣ, ಆಕೆ ಬಾಯಿ ಬಿಟ್ಟು ಕೇಳುತ್ತಿರಲಿಲ್ಲ. ಉಳಿದವರು "ಯವ್ವಾ, ಒಂದೀಟ ಹಾಕವ್ವಾ" ಎಂದು ಕೂಗಿ ಹಾಕಿಸಿಕೊಳ್ಳುತ್ತಿದ್ದರು. ಈಕೆ ಕೊಡ ಮುಂದಿಟ್ಟುಕೊಂಡು, ನೀರು ತುಂಬುವವರ ಮುಖವನ್ನೇ ನೋಡುತ್ತ ಕೂಡುತ್ತಿದ್ದಳು. ಬೇಡಿದರೆ ಹಾಕಬಹುದು, ಸುಮ್ಮನೆ ನೋಡಿದರೆ ಹ್ಯಾಗೆ ಹಾಕುವುದು ಎಂದು ಊರ ಹೆಂಗಸರಿಗೆ ಸಿಟ್ಟು. ನನಗೂ ಸಿಟ್ಟೇ. ಮನಸ್ಸು ಬಂದ ದಿನ ನಾನೇ ಒಂದು ಕೊಡ ಸುರಿಯುತ್ತಿದ್ದೆ. ನನಗೆ ಮನಸ್ಸು ಬರುವುದು ಸ್ವಲ್ಪ ಕಡಿಮೆ.

ಆಕೆ ನರೇಗಲ್ಲ ಕಡೆಯವಳು, ತೆಳ್ಳಗೆ, ಉದ್ದಕ್ಕೆ ಇದ್ದಳು. ಹೆಣ್ಣುಮಕ್ಕಳಿಬ್ಬರನ್ನು ಲಗ್ನ ಮಾಡಿ ಕಳಿಸಿದ್ದಳು. ಊರ ಜಮೀನುದಾರ ದೇಸಾಯರ ಹೊಲದಲ್ಲಿ ಕಸ ತೆಗೆಯುವುದು, ಕಣದಲ್ಲಿ ರಾಶಿ ಮಾಡುವುದು ಆಕೆಯ ಕೆಲಸ. ಗಂಡ ಉಡಚಪ್ಪ ಊರಿಗೆ ಹಲಗೆ ಬಾರಿಸುವವನು. ದೇಸಾಯರು ಬೇಟೆಗೆ ಹೊರಟರೆ ಪೊದೆ ಬಡಿದು ಮೊಲ ಎಬ್ಬಿಸುವವನೂ ಅವನೇ. ಗಂಡನದು ಬಾಯಿ, ಹೆಂಡತಿಯದು ಕಣ್ಣು. ಹೀಗೆ ಇಬ್ಬರೂ ಕೂಡಿ ಒಂದು ಸಂಸಾರ ಮಾಡಿಕೊಂಡಿದ್ದರು.

ಆಗಿನ್ನೂ ನಾವು ಮುಂಬಯಿ ರಾಜ್ಯದಲ್ಲಿದ್ದೆವು. ಹೊಸದಾಗಿ ಬಂದ ಪ್ರಾಂತ ಸಾಹೇಬರಿಗೆ, ಎಂದರೆ ನಾಲ್ಕಾರು ತಾಲೂಕಿನ ಮೇಲಿನ ಸರಕಾರಿ ಅಧಿಕಾರಿಗೆ, ಬಾತುಕೋಳಿ ಬೇಟೆಯ ಹುಚ್ಚು ಎಂದು ನಮ್ಮ ದೇಸಾಯರಿಗೆ ತಿಳಿಯಿತು. ದೇಸಾಯರ ಬಂದೂಕಿನ ಲೈಸನ್ಸು ಆ ಸಾಹೇಬರ ಕೈಯಲ್ಲಿ. ಸಾಹೇಬರ ದುಃಖವೇನೆಂದರೆ, ಹೊಡೆದ ಹಕ್ಕಿ ಕೆರೆಯ ನಡುವೆ ಬೀಳುತ್ತದೆ, ತರುವವರು ದಿಕ್ಕಿಲ್ಲ. ನಮ್ಮ ಕಡೆಯ ಮುಧೋಳದ ನಾಯಿಗಳು ಮೊಲದ ಹಿಂದೆ ಜೀವ ಬಿಟ್ಟು ಓಡುತ್ತವೆ, ನೀರು ಕಂಡರೆ ನಿಂತು ದೇಸಾಯರ ಮುಖ ನೋಡುತ್ತವೆ. ದೇಸಾಯರು ಯಾರು ಯಾರನ್ನೋ ಹಿಡಿದು, ಬೆಳಗಾವಿಯ ಕ್ಯಾಂಪಿನಲ್ಲಿ ಬಿಳಿಯ ಸಾಹೇಬನೊಬ್ಬ ಬಿಟ್ಟುಹೋದ ಜಾತಿಯ ನಾಯಿಯೊಂದನ್ನು ತರಿಸಿದರು. ಹೋಳಿಹುಣ್ಣಿಮೆ ಮುಗಿದ ಮೇಲೆ ಅದು ಚಕ್ಕಡಿಯಲ್ಲಿ ಕುಳಿತು ಬಂತು. ಕಪ್ಪಗೆ, ದಪ್ಪಗೆ, ಜೋಲುಕಿವಿಯ ಪ್ರಾಣಿ. ಎಮ್ಮೆಯ ಕರು ಬೊಗಳಿದಂತೆ ಬೊಗಳುತ್ತಿತ್ತು. ಹೆಸರು ಮೇಜರ್.

ದೇಸಾಯರ ನಾಯಿಗೆ ಏಕವಚನ ಹಚ್ಚುವುದು ಹ್ಯಾಗೆ ಎಂದು ಊರಿಗೆ ಸಂಕಟವಾಯಿತು. ಎರಡೇ ದಿನಕ್ಕೆ ಅದು ಮೇಜರಪ್ಪ ಆಯಿತು. "ಬರ್ರಿ ಮೇಜರಪ್ಪ", "ಸರೀರಿ ಮೇಜರಪ್ಪ, ಚಕ್ಕಡಿ ಬರಾಕತ್ತೈತಿ". ನನ್ನನ್ನು ಹುಟ್ಟಿದಾಗಿನಿಂದ "ಲೇ ಹೂವ್ಯಾ" ಎನ್ನುವ ಊರು ಇದು.

ದೇಸಾಯರು ಉಡಚಪ್ಪನನ್ನು ವಾಡೆಗೆ ಕರೆಸಿದರು. "ಲೇ ಉಡಚ್ಯಾ, ದೀಪಾವಳಿಗೆ ಸಾಹೇಬರು ಬರ್ತಾರ. ಅಷ್ಟರಾಗ ಇದು ನೀರಾಗ ಬಿದ್ದದ್ದನ್ನ ಈಸಿ ಹೋಗಿ, ಹಲ್ಲು ತಾಗದಂಗ ಹಿಡಕೊಂಡು ಬಂದು, ಕೈಯಾಗ ಕೊಡಬೇಕು. ಕಲಿತ ದಿನಾ ಅದು ಸಾಹೇಬರದು. ಅಲ್ಲೀತನಾ ನಿನ್ನ ಗುಡಸಲದಾಗ ಇರಲಿ."

ಮರುದಿನ ಮುಂಜಾನೆ ಉಡಚಪ್ಪ ನಾಯಿ ಹಿಡಿದುಕೊಂಡು ಕೆರೆಯ ಕಡೆ ಬಂದ. ನಾನು ಕೋಲು ಎತ್ತಿದೆ.

"ಎಲ್ಲಿಗೆ ಸವಾರಿ?"

"ಮೇಜರಪ್ಪಗ ಈಸು ಕಲಿಸಬೇಕ್ರಿ. ಧಣಿಯವರ ಹುಕುಂ."

"ಧಣಿಯವರು ಬಂದು ಈಸಿದ್ರೂ ಬಿಡಂಗಿಲ್ಲ. ಕುಡಿಯೂ ನೀರಿದು. ನಡಿ ಹಿಂದಕ್ಕ."

ಉಡಚಪ್ಪ ಹೋದ. ಹೋದವನು ಸುಮ್ಮನೆ ಕೂಡಲಿಲ್ಲ. ನೀರಿಲ್ಲದಿದ್ದರೆ ಏನಾಯಿತು, ಕೆರೆಯಂತೂ ಮಾಡಬಹುದಲ್ಲ ಎಂದುಕೊಂಡು ದೇಸಾಯರ ಬೀಳು ಹೊಲದಲ್ಲಿ ಸುಣ್ಣದಿಂದ ಗೆರೆ ಎಳೆದ. ಎಳೆದನೆಂದರೆ ನಮ್ಮ ಕೆರೆಯದೇ ಆಕಾರ. ಇತ್ತ ಏರಿ, ಅತ್ತ ಕೋಡಿ, ನಡುವೆ ಮೆಟ್ಟಿಲು. ಹಳೆಯ ಕೌದಿಯ ಅರಿವೆಯಲ್ಲಿ ಹೊಟ್ಟು ತುಂಬಿ, ಮೇಲೆ ಕೋಳಿ ಪುಕ್ಕ ಹೊಲಿದು ಒಂದು ಸುಳ್ಳು ಬಾತುಕೋಳಿ ಮಾಡಿದ. ಅದನ್ನು ಗೆರೆಯ ಒಳಗೆ ಬೀಸಿ ಒಗೆದು "ತಗೊಂಬರ್ರಿ ಮೇಜರಪ್ಪ" ಎಂದ. ಮೇಜರಪ್ಪ ಬಿಸಿಲಿಗೆ ನಾಲಿಗೆ ಹಾಕಿ ಮಲಗಿತು.

ಈ ಕೆರೆ ನೋಡಲು ನಾನೂ ಹೋಗಿದ್ದೆ. ನನ್ನ ಕೆರೆಯನ್ನು ಇನ್ನೊಬ್ಬ ಬರೆದಿದ್ದಾನೆಂದರೆ ನೋಡದೆ ಇರಲಾದೀತೆ? ಹೋಗಿ ನೋಡಿದರೆ, ಉಡಚಪ್ಪ ಗೆರೆಯ ಹೊರಗೆ ನಿಂತಿದ್ದಾನೆ, ಸುಳ್ಳು ಬಾತುಕೋಳಿ ನಡುವೆ ಬಿದ್ದಿದೆ, ಅದನ್ನು ತರುವವರಿಲ್ಲ. ಅಡಿವೆವ್ವ ಕಸ ತೆಗೆಯುವುದನ್ನು ಬಿಟ್ಟು ಬಂದಳು.

"ನಿಂತೀಯಲ್ಲ, ಒಳಗ ಹೋಗಿ ತಗೊಂಬಾ."

"ಕೆರ್ಯಾಗ ನಾ ಹ್ಯಾಂಗ ಇಳೀಲಿ? ಹೂವಪ್ಪಾರು ಬ್ಯಾರೆ ಬಂದಾರ."

"ಸುಣ್ಣದ ಗೆರಿ ಅದು."

"ಗೆರಿನ, ಖರೇ. ಆದ್ರ ಕೆರಿ ಗೆರಿ."

ಸುಳ್ಳು ಯಾಕೆ ಹೇಳಲಿ, ನಾನೂ ಆಗ ಕೋಲು ಗಟ್ಟಿಯಾಗಿ ಹಿಡಿದುಕೊಂಡಿದ್ದೆ. ಅಷ್ಟರಲ್ಲಿ ಯಾರದೋ ಎಮ್ಮೆ ಬಂದು ಗೆರೆ ದಾಟಿ ಒಳಗೆ ನಿಂತಿತು. "ಹೈ, ಕುಡಿಯೂ ನೀರಾಗ ನಿಂತೀಯಲ್ಲ" ಎಂದು ಕೂಗಿ ನಾನು ಅದರ ಹಿಂದೆ ಓಡಿದೆ. ಓಡಿದವನು ಗೆರೆಯ ಹತ್ತಿರ ಬಂದು, ಕೆರವು ಕಳಚಿ ಇಟ್ಟು, ಆಮೇಲೆ ಒಳಗೆ ಹೋದೆ. ಯಾರೂ ನಗಲಿಲ್ಲ. ಅಂದಿನಿಂದ ದಾರಿಹೋಕರು ಆ ಹೊಲವನ್ನು ಸುತ್ತು ಹಾಕಿ ಹೋಗತೊಡಗಿದರು. ಊರ ಪಂಚರ ಹಿರಿಯ ಅಂದಾನಪ್ಪ, ನರೇಗಲ್ಲ ಸಂತೆಯಲ್ಲಿ ಅಡತಿ ಅಂಗಡಿ ಇದ್ದವರು, ತಮ್ಮ ಕಾಳಿನ ಚಕ್ಕಡಿಯನ್ನೇ ಕೋಡಿಯ ಆಚೆಯಿಂದ ತಿರುಗಿಸಿಕೊಂಡು ಹೋದದ್ದನ್ನು ಕಣ್ಣಾರೆ ಕಂಡಿದ್ದೇನೆ.

ಅಡಿವೆವ್ವ ಮಾತ್ರ ಗಂಡನ ಮುಖ ನೋಡಿದಳು, ನನ್ನ ಮುಖ ನೋಡಿದಳು. "ನಿನ್ನೆ ಇಲ್ಲೇ ಕಸಾ ತಗದೇನಿ" ಎಂದು ನೆಟ್ಟಗೆ ನಡೆದುಹೋಗಿ ಬಾತುಕೋಳಿ ಎತ್ತಿಕೊಂಡು ಬಂದು ನಾಯಿಯ ಮೂಗಿಗೆ ಹಿಡಿದಳು. ನಾಯಿ ಎದ್ದಿತು. ಆ ದಿನದಿಂದ ಕಲಿಸುವ ಕೆಲಸ ಆಕೆಯದಾಯಿತು, ಉಡಚಪ್ಪನದು ಹಲಗೆ ಬಾರಿಸುವುದಷ್ಟೇ. ಬಂದೂಕಿನ ಸದ್ದಿಗೆ ನಾಯಿ ಹೆದರಬಾರದಲ್ಲ, ಅದಕ್ಕೆ.

ಹಲ್ಲು ತಾಗದಂತೆ ಹಿಡಿಯುವುದನ್ನು ಆಕೆ ಜೋಳದ ಖಡಕ್ ರೊಟ್ಟಿಯಿಂದ ಕಲಿಸಿದಳು. ಖಡಕ್ ರೊಟ್ಟಿ ಹಲ್ಲು ತಾಗಿದರೆ ಕಟ್ಟೆಂದು ಮುರಿಯುತ್ತದೆ. ಗೆರೆಯ ಆ ದಂಡೆಯಿಂದ ಈ ದಂಡೆಗೆ ಮುರಿಯದೆ ತಂದರೆ ಅರ್ಧ ರೊಟ್ಟಿ ಅದಕ್ಕೆ. ಮೊದಮೊದಲು ಮೇಜರಪ್ಪ ದಾರಿಯಲ್ಲೇ ಊಟ ಮುಗಿಸಿ ಬರಿಬಾಯಿಯಲ್ಲಿ ಬಂದು ಬಾಲ ಅಲ್ಲಾಡಿಸುತ್ತಿತ್ತು. ಅಡಿವೆವ್ವ ರೊಟ್ಟಿಗೆ ರಂಜಕ ಸವರಿದಳು. ನಮ್ಮ ಕಡೆಯ ಹಸಿಮೆಣಸಿನ ರಂಜಕ ಎಂದರೆ ಗಂಡಸರೇ ಅಳುತ್ತಾರೆ. ನಾಯಿ ತುಟಿಯಂಚಿನಲ್ಲಿ ಹಿಡಿಯುವುದನ್ನು ಕಲಿಯಿತು, ಕಣ್ಣೀರು ಸುರಿಸುತ್ತ ರೊಟ್ಟಿ ತಂದು ಕೊಟ್ಟಿತು. ಬರಬರುತ್ತ ರಂಜಕವಿಲ್ಲದ ರೊಟ್ಟಿಯನ್ನು ಮೂಸಿಯೂ ನೋಡದಾಯಿತು, ಆ ಮಾತು ಬೇರೆ.

ಯುಗಾದಿ ಕಳೆದು ತಿಂಗಳಾಗುವಷ್ಟರಲ್ಲಿ ಮೇಜರಪ್ಪ ಸುಣ್ಣದ ಕೆರೆಯಲ್ಲಿ ಪಳಗಿಬಿಟ್ಟಿತ್ತು. ಹಲಗೆ ಢಂ ಎಂದರೆ ಕೂಡುತ್ತಿತ್ತು. ಅಡಿವೆವ್ವ ಕೈ ಬೀಸಿದರೆ ಒಳಗೆ ಹಾರಿ, ಹೊಟ್ಟೆ ನೆಲಕ್ಕೆ ಹಚ್ಚಿ, ಧೂಳಿನಲ್ಲಿ ಕಾಲು ಬಡಿಯುತ್ತ ಈಸಿ ಹೋಗಿ, ಬಾತುಕೋಳಿ ಹಿಡಿದು ಈಸುತ್ತಲೇ ಬರುತ್ತಿತ್ತು. ಗೆರೆಯ ಹೊರಗೆ ಬಂದ ಕೂಡಲೇ ನಿಂತು ಮೈ ಜಾಡಿಸಿ ನೀರು ಕೊಡವುತ್ತಿತ್ತು. ಪಕ್ಕದಲ್ಲಿ ನಿಂತವರು ತೋಯ್ದೀತೆಂದು ಹಿಂದೆ ಸರಿಯುತ್ತಿದ್ದರು.

ದೇಸಾಯರು ಬಂದು ನೋಡಿದರು. ಬಹಳ ಹೊತ್ತು ನೋಡಿದರು. "ಎಲ್ಲಾ ಚಲೋ ಐತಿ" ಎಂದರು, "ಆದ್ರ ನೀರೆಲ್ಲಿ?"

ಈ ಪ್ರಶ್ನೆ ಬಗೆಹರಿಸಲು ಪಂಚರು ಚಾವಡಿಯಲ್ಲಿ ಕೂಡಿದರು. ಕೆರೆ ಕಾಯುವವನೆಂದು ನನ್ನನ್ನೂ ಕರೆದರು. ನಾಯಿಗೆ ಕೆರೆ ಬಿಡುವುದಿಲ್ಲ ಎಂದರೆ ದೇಸಾಯರಿಗೆ ಸಿಟ್ಟು. ಬಿಡುತ್ತೇವೆ ಎಂದರೆ ಸವಡಿಯವರೂ ಅಸೂಟಿಯವರೂ ನಗುತ್ತಾರೆ. ಅಂದಾನಪ್ಪನವರು ಎಲೆ ಅಡಿಕೆ ಹಾಕಿಕೊಂಡು ಯೋಚಿಸಿದರು.

"ನಾಯಿ ಯಾರದು?"

"ದೇಸಾಯರದು."

"ಅಂದಮ್ಯಾಲ ಅದು ದೇಸಾಯರ ಮನಿತನದ್ದ ಆತಿಲ್ಲೋ? ದೇಸಾಯರ ಮನಿಯವರಿಗೆ ಕೆರಿ ಬ್ಯಾಡ ಅನ್ನಾಕ ಬರತೈತೇನು? ನಾಯಿಗಂತ ಹೊಸಾ ಕಾಯ್ದೆ ಮಾಡೂದು ಬ್ಯಾಡ. ಮಂದಿಗೆ ಏನೈತಿ ಅದ ಅದಕ್ಕೂ. ಕಾಲು ತೊಳಕೊಂಡು ಇಳೀಲಿ. ಕೂಡ ಪಾತ್ರಿ ಇರಲಿ."

"ಪಾತ್ರಿ ಹ್ಯಾಂಗ ಹಿಡೀತೈತ್ರಿ?" ಎಂದೆ ನಾನು.

"ಕೊಳ್ಳಾಗ ತಂಬಿಗಿ ಕಟ್ಟು."

ಕಾಲು ತೊಳೆಸುವವರು ಯಾರು ಎಂಬ ಮಾತು ಬಂತು. ಅಡಿವೆವ್ವ ತೊಳೆದರೆ ನಡೆಯುವುದಿಲ್ಲ, ಕೇರಿಯ ಕೈ ತಾಗಿ ನಾಯಿಗೆ ಮೈಲಿಗೆ. ಆ ನಾಯಿ ಆಕೆಯ ಗುಡಿಸಲಿನಲ್ಲಿ ಮಲಗಿ, ಆಕೆಯ ರೊಟ್ಟಿ ತಿಂದು, ಆಕೆಯ ಸೆರಗಿಗೆ ಮೂಗು ಒರೆಸಿಕೊಳ್ಳುತ್ತಿತ್ತು. ಅದು ಕೆರೆಯ ಹೊರಗಿನ ಮಾತು. ಎಲ್ಲರೂ ನನ್ನ ಕಡೆ ನೋಡಿದರು. "ಹೂವ್ಯಾ, ನೀ ನೀರು ಹಾಕಿ ತೊಳದಿ ಅಂದ್ರ ಅದು ಊರ ನಾಯಿ ಆಗತೈತಿ" ಎಂದರು ಅಂದಾನಪ್ಪನವರು. ನಾನು ಮನೆತನಸ್ಥ, ನಾಯಿಯ ಕಾಲು ತೊಳೆಯುವವನಲ್ಲ ಎಂದೆ. ಸುಗ್ಗಿಯ ಜೋಳ ಬೇಕೋ ಬೇಡವೋ ಎಂದರು. ಮಾತು ಅಲ್ಲಿಗೆ ಮುಗಿಯಿತು.

ಒಂದೇ ಒಂದು ಉಳಿದಿತ್ತು. ತಂಬಿಗೆಯಲ್ಲಿ ತುಂಬಿ ಬಂದ ನೀರನ್ನು ಏನು ಮಾಡುವುದು? ನಾಯಿಯ ಕೊರಳಿನದು, ಊರ ಮನೆಗೆ ಒಯ್ಯುವಂತಿಲ್ಲ. ತಿರುಗಿ ಕೆರೆಗೆ ಸುರಿಯುವಂತೆಯೂ ಇಲ್ಲ. "ಕೇರಿಯವರ ಕೊಡಕ್ಕ ಹಾಕಲಿ ಬಿಡು" ಎಂದು ಯಾರೋ ಅಂದರು. ಹೂಂ ಅಂದು ಎಲ್ಲರೂ ಎದ್ದುಹೋದರು.

ಮರುದಿನ ಮುಂಜಾನೆ ಅಡಿವೆವ್ವ ಎಂದಿನ ಜಾಗದಲ್ಲಿ, ಏರಿಯ ಮೇಲೆ, ಕೊಡದ ಪಕ್ಕ ನಿಂತಳು. ನಾಯಿ ಮೆಟ್ಟಿಲು ಇಳಿದು ನನ್ನ ಮುಂದೆ ಬಂದು ನಿಂತಿತು. ನಾನು ಬೈಯುತ್ತ ನಾಲ್ಕೂ ಕಾಲಿಗೆ ನೀರು ಹಾಕಿದೆ. ಆಕೆ ಮೇಲಿನಿಂದ ಸುಳ್ಳು ಬಾತುಕೋಳಿ ಒಗೆದಳು. ಮೇಜರಪ್ಪ ಧೊಪ್ಪನೆ ಬಿತ್ತು, ನೀರು ನಿಜವಾದ ನೀರೆಂದು ತಿಳಿದು ಒಂದು ಕ್ಷಣ ಗಾಬರಿಯಾಯಿತು, ಆಮೇಲೆ ಹುಟ್ಟಿದ್ದೇ ಅದಕ್ಕೆಂಬಂತೆ ಈಸಿತು. ತಂಬಿಗೆ ಗುಳುಗುಳು ತುಂಬಿಕೊಂಡಿತು. ಬಾತುಕೋಳಿ ಹಿಡಿದು ಏರಿ ಹತ್ತಿ ಹೋಗಿ ಆಕೆಯ ಮುಂದೆ ತಲೆ ಬಗ್ಗಿಸಿತು. ಆಕೆ ಬಾತುಕೋಳಿ ತೆಗೆದುಕೊಂಡಳು, ತಂಬಿಗೆಯನ್ನು ಕೊಡಕ್ಕೆ ಬಗ್ಗಿಸಿದಳು. ಕೊಡದೊಳಗೆ ಇಣುಕಿ ನೋಡಿದಳು. ಮತ್ತೆ ಒಗೆದಳು.

ಎರಡು ದಿನದಲ್ಲಿ ಕೇರಿಯ ಹೆಂಗಸರೆಲ್ಲ ಕೊಡ ತಂದು ಸಾಲಾಗಿ ಇಟ್ಟರು. ಒಂದು ಸಲ ಒಗೆದರೆ ಒಂದು ತಂಬಿಗೆ. ಹಾಗಾಗಿ ಅಡಿವೆವ್ವ ಒಗೆದೇ ಒಗೆದಳು. ಬೇಟೆಯ ನಾಯಿಗೆ ಇಷ್ಟು ಶ್ರದ್ಧೆಯಿಂದ ಯಾವ ರಾಜ ಮಹಾರಾಜನೂ ಕಲಿಸಿರಲಿಕ್ಕಿಲ್ಲ. ದೂರಕ್ಕೆ, ಹತ್ತಿರಕ್ಕೆ, ಎಡಕ್ಕೆ, ಬಲಕ್ಕೆ, ಮಳೆಯಲ್ಲಿ, ಗಾಳಿಯಲ್ಲಿ. ಏರಿ ಹತ್ತಿದ ನಾಯಿ ಮತ್ತೆ ಕೆರೆಗೆ ಇಳಿಯುವಾಗ ಮತ್ತೆ ಕಾಲು ತೊಳೆಯಬೇಕಲ್ಲ. ಆ ಮಳೆಗಾಲದಲ್ಲಿ ನನ್ನ ಸೊಂಟ ಹೋದದ್ದು ಇವತ್ತಿಗೂ ನೆಟ್ಟಗಾಗಿಲ್ಲ. ದೇಸಾಯರು ಕುದುರೆಯ ಮೇಲೆ ಬಂದು ನೋಡಿ "ಭೇಷ್" ಎಂದು ಹೋಗುತ್ತಿದ್ದರು.

ಊರ ಹೆಂಗಸರಿಗೂ ಹಗುರವಾಯಿತು. ಅವರು ಕೇರಿಯವರಿಗೆ ನೀರು ಹಾಕುವುದನ್ನೇ ಬಿಟ್ಟರು. "ನಾಯಿ ಐತೆಲ್ಲ" ಎನ್ನುತ್ತಿದ್ದರು.

ಅಡಿವೆವ್ವ ಬದಲಾದಳು. ಹೊತ್ತು ಏರುವುದರೊಳಗೆ ಕೊಡ ತುಂಬಿಕೊಂಡು, ಹೊಲಕ್ಕೆ ಎಲ್ಲರಿಗಿಂತ ಮೊದಲು ಹೋಗುತ್ತಿದ್ದಳು. ನನ್ನ ಜೊತೆ ಒಂದೆರಡು ಮಾತು ಕೂಡ ಆಡತೊಡಗಿದಳು. ಒಂದು ದಿನ ಕೊಡ ಹೊತ್ತುಕೊಂಡು ನಿಂತು, "ಹೂವಪ್ಪಾರ, ಕಂಠದಮಟಾ ತುಂಬಿದ ಕೊಡಾ ಹೊತಗೊಂಡು ನಾ ಮನಿಗೆ ಹೋಗಿದ್ದ ಇಲ್ರಿ. ಭಾರ ಅನಸತೈತಿ" ಎಂದಳು. ನಗುತ್ತಿದ್ದಳು. ನಾನು ನಾಯಿಯ ಹಿಂಗಾಲು ತೊಳೆಯುತ್ತಿದ್ದೆ.

ನಾಯಿ ಕಲಿಯುವುದೆಲ್ಲ ಶ್ರಾವಣಕ್ಕೇ ಮುಗಿದಿತ್ತು. ಅದು ಆಕೆಗೂ ಗೊತ್ತು, ನನಗೂ ಗೊತ್ತು. ಕಲಿಯಿತು ಎಂದ ದಿನ ನಾಯಿ ಹೋಗುತ್ತದೆ, ನಾಯಿ ಹೋದ ದಿನ ನೀರು ಹೋಗುತ್ತದೆ. ದೇಸಾಯರು ಕೇಳಿದಾಗಲೆಲ್ಲ ಆಕೆ ಒಂದಲ್ಲ ಒಂದು ಕೊರತೆ ತೆಗೆಯುತ್ತಿದ್ದಳು. "ಎಡಕ ತಿರುಗೂದು ಇನ್ನೂ ಬರವಲ್ತ್ರಿ ಧಣ್ಯಾರ." "ರೆಕ್ಕಿ ಹಿಡೀತೈತ್ರಿ, ಎದಿ ಹಿಡೀಬೇಕು." ಮೇಜರಪ್ಪ ಪಕ್ಕದಲ್ಲಿ ಕುಳಿತು ಇದನ್ನೆಲ್ಲ ಕೇಳುತ್ತಿತ್ತು. ಕಲಿತ ನಾಯಿಯನ್ನು ದಡ್ಡ ಎಂದು ಹೇಳಿಸಿಕೊಳ್ಳುವಂತೆ ಮಾಡಿದ್ದಕ್ಕೆ ನನಗೆ ಅದರ ಮೇಲೆ ಮರುಕ ಬಂದದ್ದುಂಟು. ಅಷ್ಟೇ, ಜೀವ ಗೀವ ಏನೂ ಇಲ್ಲ.

ದೀಪಾವಳಿ ಯಾರ ಮಾತಿಗೂ ನಿಲ್ಲುವುದಿಲ್ಲ. ಪಾಡ್ಯದ ಮರುದಿನ ಪ್ರಾಂತ ಸಾಹೇಬರ ಜೀಪು ಕೆರೆಯ ಏರಿಗೆ ಬಂದು ನಿಂತಿತು. ಊರಿಗೆ ಊರೇ ಸೇರಿತ್ತು. ಕುಡಿಯುವ ನೀರಿನಲ್ಲಿ ರಕ್ತ ಬೀಳಬಾರದೆಂದು, ಹಕ್ಕಿ ಹೊಡೆಯದೆ ಬರೀ ಗಾಳಿಗೆ ಗುಂಡು ಹಾರಿಸುವುದೆಂದು ಗೊತ್ತಾಗಿತ್ತು. ಸಾಹೇಬರು ಹಾರಿಸಿದರು. ಬಾತುಕೋಳಿಗಳೆಲ್ಲ ಎದ್ದು ಹಾರಿದವು, ಅಂದಾನಪ್ಪನವರ ಕೈಯ ಛತ್ರಿ ಬಿತ್ತು, ಮೇಜರಪ್ಪ ಕುಳಿತಲ್ಲೇ ಕಿವಿ ಕೂಡ ಅಲ್ಲಾಡಿಸಲಿಲ್ಲ. ಉಡಚಪ್ಪನ ಹಲಗೆಯ ಮುಂದೆ ಆ ಬಂದೂಕು ಏನೂ ಅಲ್ಲ. ಸಾಹೇಬರಿಗೆ ಉತ್ಸಾಹ ಬಂತು. ಸುಳ್ಳು ಬಾತುಕೋಳಿ ಬೇಡವೆಂದು ತಮ್ಮ ತಲೆಯ ಟೊಪ್ಪಿಗೆಯನ್ನೇ ತೆಗೆದು ಕೆರೆಯ ನಡುವೆ ಬೀಸಿ ಒಗೆದರು.

ನಾಯಿ ಎದ್ದು ಮೊದಲು ನನ್ನ ಬಳಿ ಬಂತು. ಸಾಹೇಬರ ಎದುರಿಗೆ ನಾನು ಅದರ ನಾಲ್ಕೂ ಕಾಲು ತೊಳೆದೆ. ಆಮೇಲೆ ಅದು ಈಸಿ ಹೋಗಿ, ಟೊಪ್ಪಿಗೆಯ ಅಂಚನ್ನು ತುಟಿಯಲ್ಲಿ ಹಿಡಿದು, ಒಂದು ನೆರಿಗೆಯೂ ಬೀಳದಂತೆ ತಂದಿತು. ಸಾಹೇಬರು ಕೈ ಚಾಚಿದರು. ನಾಯಿ ಅವರನ್ನು ದಾಟಿಕೊಂಡು ಏರಿ ಹತ್ತಿ, ದೂರದಲ್ಲಿ ನಿಂತಿದ್ದ ಅಡಿವೆವ್ವನ ಮುಂದೆ ತಲೆ ಬಗ್ಗಿಸಿತು. ಆಕೆ ಟೊಪ್ಪಿಗೆ ತೆಗೆದು ಪಕ್ಕಕ್ಕಿಟ್ಟು, ತಂಬಿಗೆಯ ನೀರನ್ನು ಕೊಡಕ್ಕೆ ಬಗ್ಗಿಸಿದಳು.

"ಅದೇನು ನೀರು?" ಎಂದು ಸಾಹೇಬರು ಕೇಳಿದರು.

ಊರೆಲ್ಲ ನೆಲ ನೋಡಿತು. ದೇಸಾಯರು ಗಂಟಲು ಸರಿ ಮಾಡಿಕೊಂಡು, "ಭಾರ ಹೊತಗೊಂಡು ಈಸೂ ಅಭ್ಯಾಸ ಮಾಡಿಸೇವ್ರಿ. ಬಾತುಕೋಳಿ ಭಾರ ಇರತಾವಲ್ರಿ" ಎಂದರು.

"ವಿಲಾಯತಿಯಲ್ಲೂ ಇಷ್ಟು ಮುಂದೆ ಹೋಗಿಲ್ಲ" ಎಂದು ಸಾಹೇಬರು ಮೆಚ್ಚಿಕೊಂಡರು. ಕಲಿಸಿದವರು ಯಾರೆಂದು ಕೇಳಿ, ಅಡಿವೆವ್ವನನ್ನು ಕರೆಸಿ, "ಏನು ಬೇಕು ಕೇಳು" ಎಂದರು.

ಅಷ್ಟು ವರ್ಷ ನೋಡಿದ್ದೇನೆ, ಆಕೆ ಯಾರನ್ನೂ ಏನೂ ಕೇಳಿದವಳಲ್ಲ. ಒಂದು ಗುಟುಕು ನೀರಿಗೂ ಬಾಯಿ ಬಿಟ್ಟವಳಲ್ಲ. ಅಂದು ಕೇಳಿದಳು.

"ನಾಯಿ ಬಿಟ್ಟು ಹೋಗ್ರಿ ಸಾಹೇಬ್ರ."

ಸಾಹೇಬರು ನಕ್ಕರು. ಅವರು ನಕ್ಕರೆಂದು ದೇಸಾಯರು ನಕ್ಕರು, ದೇಸಾಯರು ನಕ್ಕರೆಂದು ಊರು ನಕ್ಕಿತು. ನಾನು ನಗಲಿಲ್ಲ. ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ತಿಳಿಯದೆ ಕೈಯಲ್ಲಿದ್ದ ಕೋಲಿನಿಂದ ನೆಲ ಕುಟ್ಟಿದೆ. ಆಕೆಗೊಂದು ಸೀರೆ ಕೊಡಿಸುವುದಾಗಿ ದೇಸಾಯರು ಹೇಳಿದರು. ನಾಯಿಯನ್ನು ಜೀಪಿಗೆ ಹತ್ತಿಸಿದರು. ಕೊರಳಿನ ತಂಬಿಗೆ ಬಿಚ್ಚಿ ಯಾರೋ ನನ್ನ ಕೈಗೆ ಕೊಟ್ಟರು. ಜೀಪು ಗದಗಿನ ದಾರಿ ಹಿಡಿಯಿತು. ಮೇಜರಪ್ಪ ಹಿಂದಕ್ಕೆ ಮುಖ ಮಾಡಿ ಕುಳಿತಿತ್ತು, ಅಡಿವೆವ್ವ ಕೈ ಬೀಸುತ್ತಾಳೇನೋ ಎಂದು ಕಾಯುತ್ತ. ಆಕೆ ಕೈ ಬೀಸಲಿಲ್ಲ. ಬೀಸಿದ್ದರೆ ಅದು ಹಾರಿಬಿಡುತ್ತಿತ್ತು.

ಮರುದಿನ ಮುಂಜಾನೆ ಕೇರಿಯ ಹೆಂಗಸರು ಏರಿಯ ಮೇಲೆ ಕೊಡ ಇಟ್ಟುಕೊಂಡು ಕುಳಿತರು. ಊರ ಹೆಂಗಸರು ಬಂದರು, ತುಂಬಿಕೊಂಡರು, ಹೋದರು. "ಯವ್ವಾ, ಒಂದೀಟ ಹಾಕವ್ವಾ" ಎಂದು ಇವರು ಕೂಗಿದರೆ, "ರೂಢಿ ತಪ್ಪೇತಿ ತಂಗಿ, ತೋಳು ನೋಯ್ತಾವು" ಎಂದು ಊರ ಹೆಂಗಸೊಬ್ಬಳು ಹೇಳಿ ನಡೆದಳು. ಉಳಿದವರು ಅದನ್ನೂ ಹೇಳಲಿಲ್ಲ. ಬಿಸಿಲು ಏರಿತು. ಮಕ್ಕಳು ಮನೆಯಿಂದ ನೀರು ಕೇಳಿಕೊಂಡು ಏರಿಯತನಕ ಬಂದವು. ನಾನು ಮೆಟ್ಟಿಲ ಬುಡದಲ್ಲಿ ಕುಳಿತಿದ್ದೆ. ಪಕ್ಕದಲ್ಲಿ ಕಾಲು ತೊಳೆಸುವ ಕೊಡ. ನಾಯಿ ಇಲ್ಲವೆಂದು ಗೊತ್ತಿದ್ದೂ ಮುಂಜಾನೆ ಎದ್ದವನು ಅದನ್ನು ತುಂಬಿಟ್ಟಿದ್ದೆ.

ಅಡಿವೆವ್ವ ಎದ್ದಳು. ಕೊಡವನ್ನು ಕಂಕುಳಲ್ಲಿ ಇಟ್ಟುಕೊಂಡು ಒಂದೊಂದೇ ಮೆಟ್ಟಿಲು ಇಳಿದು ಬಂದು ನನ್ನ ಮುಂದೆ, ನಾಯಿ ನಿಲ್ಲುತ್ತಿದ್ದ ಕಲ್ಲಿನ ಮೇಲೆ, ನಿಂತಳು. ಒಂದು ಕಾಲು ಮುಂದಿಟ್ಟಳು. ನನ್ನ ಕೈ ನೀರು ಹಾಕಿತು. ಇನ್ನೊಂದು ಕಾಲು ಇಟ್ಟಳು. ಅದಕ್ಕೂ ಹಾಕಿತು. ಉಳಿದೆರಡು ಕಾಲು ಬರಲಿಲ್ಲವೆಂದು ತಂಬಿಗೆ ಹಿಡಿದು ಕಾಯುತ್ತಿದ್ದಾಗ ನನಗೆ ಎಚ್ಚರವಾಯಿತು. ಅಷ್ಟರಲ್ಲಿ ಆಕೆ ಮೊಣಕಾಲುಮಟ್ಟ ನೀರಿನಲ್ಲಿದ್ದಳು.

"ಏ, ಎಲ್ಲಿ ಹೊಂಟಿ?" ಎಂದೆ.

"ಬದಲಿ ಬಂದೇನ್ರಿ."

"ಯಾರ ಬದಲಿ?"

"ಮೇಜರಪ್ಪನ ಬದಲಿ. ಅಂವ ಬರೂತನಾ ನಾನ ತರತೀನಿ."

ದೇಸಾಯರ ಚಾಕರಿಯಲ್ಲಿದ್ದವರು ಯಾರಾದರೂ ಊರಲ್ಲಿ ಇಲ್ಲದಿದ್ದರೆ, ಅವರ ಮನೆಯ ಇನ್ನೊಬ್ಬರು ಆ ಕೆಲಸಕ್ಕೆ ಬದಲಿ ಬರಲೇಬೇಕು. ಅಜ್ಜನ ಕಾಲದಿಂದ ಬಂದ ಕಟ್ಟಳೆ. ನಾಯಿ ಇದ್ದದ್ದು ಅಡಿವೆವ್ವನ ಮನೆಯಲ್ಲಿ. ಆಕೆ ಕೊಡವನ್ನು ನೀರಿನಲ್ಲಿ ಬಗ್ಗಿಸಿದಳು. ಅದು ತುಂಬುವತನಕ ನಿಂತು, ಎತ್ತಿಕೊಂಡು ಏರಿ ಹತ್ತಿ, ಕಾಯುತ್ತಿದ್ದವರ ಕೊಡಗಳಿಗೆ ಸುರಿದು, ತಿರುಗಿ ಬಂದು ಮತ್ತೆ ಅದೇ ಕಲ್ಲಿನ ಮೇಲೆ ನಿಂತು ಕಾಲು ಮುಂದಿಟ್ಟಳು. ನಾನು ಹಾಕಿದೆ.

ಸಂಜೆ ಚಾವಡಿ ತುಂಬಿತ್ತು. ಅಂದಾನಪ್ಪನವರು ನನ್ನನ್ನು ಅಂದದ್ದು ಇಷ್ಟಿಷ್ಟಲ್ಲ. "ಬದಲಿ ಬಂದಾಳ್ರಿ" ಎಂದೆ. ಬದಲಿ ನಡೆಯುವುದಿಲ್ಲ ಎನ್ನಲು ದೇಸಾಯರಿಗೆ ಬಾಯಿ ಬರಲಿಲ್ಲ, ಹಾಗೆಂದುಬಿಟ್ಟರೆ ನಾಳೆ ಅವರ ಹೊಲಕ್ಕೂ ಯಾರೂ ಬದಲಿ ಬರುವುದಿಲ್ಲ. ನೀರು ಕೆಟ್ಟಿತು ಎಂದು ಒಬ್ಬರು ಎದ್ದರು. ಮಳೆಗಾಲವೆಲ್ಲ ನಾಯಿ ಈಸಿದ ನೀರು ಕುಡಿದವರು ತಾವು ಎಂಬುದು ನೆನಪಾಗಿ ಕುಳಿತರು. ಸಾಹೇಬರ ತನಕ ಮಾತು ಒಯ್ಯೋಣ ಎಂದರೆ, ಆ ತಂಬಿಗೆ ಯಾಕೆ ಕಟ್ಟಿದ್ದಿರಿ ಎಂದು ಅವರು ಕೇಳುತ್ತಾರೆ. ಕೊನೆಗೆ ಅಂದಾನಪ್ಪನವರು ಎದ್ದು ನಿಂತು, ನಾಯಿ ಬರುವತನಕ ಮಾತ್ರ, ಅದು ಬಂದ ದಿನವೇ ಇದು ಬಂದ್ ಎಂದು ಹೇಳಿ ಮನೆಗೆ ಹೋದರು. ಮರುದಿನ ಅಡಿವೆವ್ವನ ಹಿಂದೆ ಇನ್ನೊಬ್ಬಳು ಬದಲಿ ಇಳಿದಳು, ಆಕೆಯ ಹಿಂದೆ ಮತ್ತೊಬ್ಬಳು. ಒಂದು ನಾಯಿಗೆ ಕೇರಿಯೇ ಬದಲಿಯಾಯಿತು. ನಾನು ಕಾಲಿಗೆ ನೀರು ಹಾಕುವುದನ್ನು ಬಿಟ್ಟೆ. ತೊಳೆದುಕೊಳ್ಳಲು ಅವರಿಗೆ ಬರುತ್ತಿತ್ತು.

ನಾಯಿ ಬರುತ್ತದೋ ಇಲ್ಲವೋ ನೋಡಿ ತಿಳಿಸುವ ಹೊಸ ಕೆಲಸ ನನಗೆ ಬಿತ್ತು. ಗದಗಿನ ದಾರಿಯಲ್ಲಿ ಜೀಪಿನ ಸದ್ದು ಕೇಳಿದಾಗಲೆಲ್ಲ ಏರಿ ಹತ್ತಿ ನೋಡುತ್ತಿದ್ದೆ. ಬರದಿರಲಪ್ಪ ಎಂದು ಮನಸ್ಸಿನಲ್ಲೇ ಅನ್ನುತ್ತಿದ್ದೆ. ಅಡಿವೆವ್ವ ಮಾತ್ರ ನೀರಿನಲ್ಲಿ ನಿಂತಲ್ಲಿಂದಲೇ ತಿರುಗಿ, ಧೂಳು ಅಡಗುವವರೆಗೂ ನೋಡುತ್ತಿದ್ದಳು. ಎಷ್ಟೋ ವರ್ಷದ ಮೇಲೆ, ನನ್ನ ಕೋಲೂ ಹೋಗಿ ಜೋಳವೂ ಹೋದ ಮೇಲೆ, ಒಂದು ದಿನ ತಡೆಯಲಾಗದೆ ಕೇಳಿದೆ.

"ಅಲ್ಲವಾ, ಅದು ಖರೇನ ತಿರುಗಿ ಬಂದಿದ್ರ ಏನ ಮಾಡ್ತಿದ್ದಿ?"

ಆಕೆ ಕೊಡವನ್ನು ಸೊಂಟಕ್ಕೆ ಏರಿಸಿಕೊಂಡಳು.

"ಬರಲಿ ಬಿಡ್ರಿ" ಎಂದಳು. "ಇಬ್ರೂ ಇಳೀತಿದ್ವಿ."